ದೂರಿಲ್ಲದ ವಾರ್ಡಿನ ನೀರು

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತರಿಂದ ಹತ್ತು ಗಂಟೆಯೊಳಗೆ ಅರಳಿಹಾಳದ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳ ಪಕ್ಕ ಮಲಗಿದ್ದ ಆರು ಜನರೂ ವಾಂತಿ ಮಾಡಿದರು. ಆರೂ ಜನರ ರಕ್ತದೊತ್ತಡ ಏರಿತ್ತು. ಅವರಲ್ಲಿ ಅರವತ್ತೊಂದು ವರ್ಷದ ಪಾರವ್ವ ಕಮ್ಮಾರ ಎಂಬಾಕೆಗೆ ಮಾತು ತೊದಲತೊಡಗಿತ್ತು.

ಯಂತ್ರಗಳನ್ನು ನಿಲ್ಲಿಸಿದ ಮೇಲೆ ಟೆಕ್ನಿಷಿಯನ್ ಈರಯ್ಯ ಮೊದಲು ಫೋನ್ ಮಾಡಿದ್ದು ನಗರಸಭೆಯ ನೀರಿನ ಪ್ರಯೋಗಾಲಯಕ್ಕೆ. ಅಲ್ಲಿದ್ದ ಒಬ್ಬರೇ ಕೆಮಿಸ್ಟ್ ನೀಲಾಂಬಿಕಾ ಹಳ್ಳಿಕೇರಿ.

“ಅಕ್ಕಾರ, ಊರಿನ ನೀರಾಗ ಏನರ ಆಗೈತೇನ್ರಿ?”

ನೀಲಾಂಬಿಕಾ ಎದುರಿನ ಪರದೆ ನೋಡಿದಳು. ಊರಿನ ಮೂವತ್ತೊಂದು ವಾರ್ಡುಗಳೂ ಹಸಿರಾಗಿದ್ದವು. ಆಸ್ಪತ್ರೆಯಿದ್ದ ಹನ್ನೊಂದನೇ ವಾರ್ಡಿನ ಚೌಕದಲ್ಲಿ ‘ಗಡಸುತನ 138’ ಎಂದಿತ್ತು. ಲೀಟರಿಗೆ ಇನ್ನೂರು ಮಿಲಿಗ್ರಾಂವರೆಗೆ ಒಳ್ಳೆಯ ನೀರು. ನೂರಾ ಮೂವತ್ತೆಂಟು ಎಂದರೆ ದೇವರ ಅಭಿಷೇಕಕ್ಕೂ ಆದೀತು.

“ಏನೂ ಆಗಿಲ್ಲಲ್ಲೋ ಈರಯ್ಯಾ. ಎಲ್ಲಾ ಹಸರೈತಿ.”

“ಹಂಗಾರ ಆರೂ ಮಂದಿ ಒಮ್ಮೆಲೇ ಯಾಕ್ರಿ ವಾಂತಿ ಮಾಡ್ಯಾರ?”

ಆಕೆ ಗೋಡೆಯ ಗಡಿಯಾರ ನೋಡಿದಳು. ಮಂಗಳವಾರದ ಎರಡನೇ ಪಾಳಿ ಮಧ್ಯಾಹ್ನ ಒಂದಕ್ಕೆ ಶುರುವಾಗುತ್ತದೆ. ಆ ಪಾಳಿಯ ಆರು ಜನರಲ್ಲಿ ಮೂರನೆಯವನು ಆಕೆಯ ಅಣ್ಣ ವಿರೂಪಾಕ್ಷ. ಅವನಿಗೆ ಹಿಂದಿನ ಡಯಾಲಿಸಿಸ್ ಆಗಿ ನಾಲ್ಕು ದಿನವಾಗಿತ್ತು.

ಹತ್ತೂ ಕಾಲಿಗೆ ಆಕೆ ಬ್ಯುರೆಟ್ಟು, ಸ್ಟ್ಯಾಂಡು, ಮೂರು ಬಾಟಲಿ ದ್ರಾವಣ ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಗೆ ಬಂದಳು. ವಿರೂಪಾಕ್ಷ ಆಗಲೇ ಬಂದು ವರಾಂಡದ ಬೆಂಚಿನ ಮೇಲೆ ಕೂತಿದ್ದ. ಸ್ಟೇಷನ್ ರೋಡಿನಲ್ಲಿ ಇಪ್ಪತ್ತಾರು ವರ್ಷ ಕೋಟು ಹೊಲಿದ ದರ್ಜಿ. ಪಾದಗಳು ಊದಿ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

“ಬಾ ತಂಗಿ. ನಾ ಈಗ ತುಂಬಿದ ಕೊಡ ಆಗೀನಿ. ಇನ್ನ ಒಂದ ತಂಬಿಗಿ ಹಾಕಿದ್ರ ಚೆಲ್ಲತೀನಿ.”

“ಸುಮ್ನ ಕುಂದ್ರೋ ಅಣ್ಣಾ. ಉಸರು ಹೆಂಗೈತಿ?”

“ಮಾತಾಡಾಕ ಸಾಕಷ್ಟೈತಿ, ಜಗಳ ಮಾಡಾಕ ಸಾಲಂಗಿಲ್ಲ.”

ಒಬ್ಬರಿಗೆ ಒಮ್ಮೆ ಡಯಾಲಿಸಿಸ್ ಮಾಡಲು ಸುಮಾರು ನೂರಿಪ್ಪತ್ತು ಲೀಟರ್ ನೀರು ಬೇಕು. ತೆಳುವಾದ ಪೊರೆಯ ಒಂದು ಕಡೆ ರೋಗಿಯ ರಕ್ತ, ಇನ್ನೊಂದು ಕಡೆ ಈ ನೀರಿನಿಂದ ಮಾಡಿದ ದ್ರಾವಣ. ಕುಡಿದ ನೀರನ್ನು ಕರುಳು ಅಳೆದು ಸುರಿದು ಒಳಗೆ ಬಿಡುತ್ತದೆ. ಈ ನೀರಿಗೆ ಅಂಥ ಕಾವಲಿಲ್ಲ. ಇದರಲ್ಲಿ ಸುಣ್ಣದಂಶವಿದ್ದರೆ ನೇರ ರಕ್ತಕ್ಕೆ ಸೇರುತ್ತದೆ. ಮೊದಲು ವಾಂತಿ, ತಲೆನೋವು, ಆಮೇಲೆ ರಕ್ತದೊತ್ತಡ. ಹಾಗಾಗದಿರಲೆಂದೇ ನಳದ ನೀರು ಮೊದಲು ಗಡಸು ತೆಗೆಯುವ ಸಿಲಿಂಡರ್ ದಾಟಿ, ಆಮೇಲೆ ಆರ್‌ಓ ಪೊರೆ ದಾಟಿ ಬರಬೇಕು. ಸಿಲಿಂಡರ್ ಎಷ್ಟು ಹೊತ್ತು ದುಡಿಯುತ್ತದೆ ಎಂಬುದು ನೀರಿನ ಗಡಸುತನವನ್ನು ಅವಲಂಬಿಸಿದೆ. ಅದು ಸುಸ್ತಾದಾಗ ಉಪ್ಪುನೀರು ಹಾಯಿಸಿ ಚೇತರಿಸಬೇಕು. ಯಾವಾಗ ಹಾಯಿಸಬೇಕೆಂದು ಈಗ ಮನುಷ್ಯರು ಲೆಕ್ಕ ಹಾಕುತ್ತಿರಲಿಲ್ಲ. ನಗರಸಭೆಯ ಪರದೆಯ ಅಂಕಿಯನ್ನು ಸಿಲಿಂಡರೇ ಓದಿಕೊಳ್ಳುತ್ತಿತ್ತು.

ನೀಲಾಂಬಿಕಾ ಘಟಕದ ಹಿಂದಿನ ನಳದಿಂದ ಐವತ್ತು ಮಿಲಿಲೀಟರ್ ನೀರು ಹಿಡಿದಳು. ಘಾಟು ಅಮೋನಿಯದ ದ್ರಾವಣ ಒಂದಿಷ್ಟು, ಕಪ್ಪು ಪುಡಿ ಒಂದು ಚಿಟಿಕೆ. ನೀರು ನೇರಳೆ ಹಣ್ಣಿನ ರಸದಂತೆ ಕೆಂಪಾಯಿತು. ಬ್ಯುರೆಟ್ಟಿನ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟಳು. ಗಡಸುತನವೆಲ್ಲ ಸಿಕ್ಕಿಬಿದ್ದ ಕ್ಷಣ ಕೆಂಪು ನೀಲಿಯಾಗುತ್ತದೆ. ಪರದೆ ಹೇಳಿದ್ದು ನಿಜವಾದರೆ ಏಳು ಮಿಲಿಗೆ ನೀಲಿಯಾಗಬೇಕು.

ಏಳಕ್ಕೆ ಆಗಲಿಲ್ಲ. ಹದಿನೈದಕ್ಕೆ ಆಗಲಿಲ್ಲ. ಮೂವತ್ತೆರಡಕ್ಕೆ ನೀಲಿಯಾಯಿತು.

ಮೂವತ್ತೆರಡನ್ನು ಇಪ್ಪತ್ತರಿಂದ ಗುಣಿಸಿದರೆ ಆರುನೂರಾ ನಲವತ್ತು. ಬೇರೆ ನೀರೇ ಸಿಗದ ಊರಿನಲ್ಲಿ ಅನಿವಾರ್ಯಕ್ಕೆ ಒಪ್ಪಬಹುದಾದ ಮಿತಿಯೇ ಆರುನೂರು.

ಈರಯ್ಯನ ಮುಖ ಇಳಿದುಹೋಯಿತು. “ಅಕ್ಕಾರ, ಪೊರಿ ಹನ್ನೊಂದ ದಿನದ ಹಿಂದ ಹೊಸಾದು ಹಾಕೀನ್ರಿ. ಅದೂ ಸುಣ್ಣಗಟ್ಟಿ ಹೋಗೇತಿ. ಕಪಾಟಿನ್ಯಾಗ ಇನ್ನ ಒಂದ ಉಳದೈತಿ.”

“ಅಲಾರಾಂ ಬಡೀಲಿಲ್ಲೇನೋ?”

“ಮೂರ ಸಲ ಬಡೀತ್ರಿ.” ಅವನು ನೆಲ ನೋಡಿದ. “ಊರಿನ ನೀರು ಹಸರು ತೋರಸಾಕತ್ತಿತ್ತು. ಅಲಾರಾಂ ಕೆಟ್ಟೈತಿ ಅಂತ ಆಫ್ ಮಾಡಿದೆ.”

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ಆಕೆಗೆ. ಬಾರಿಸಲಿಲ್ಲ, ಆ ಹಕ್ಕು ತನಗಿಲ್ಲವೆಂದು ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಅಣ್ಣನ ಹೆಂಡತಿ ಕಸ್ತೂರವ್ವ ಇದೇ ವಾರ್ಡಿನ ತನ್ನ ಮನೆಯ ನಳದಿಂದ ಒಂದು ಬಾಟಲಿ ನೀರು ತಂದುಕೊಟ್ಟು ನೋಡು ಎಂದಿದ್ದಳು. ಅದು ಇಪ್ಪತ್ತೊಂದು ಮಿಲಿಗೆ ನೀಲಿಯಾಗಿತ್ತು: ನಾನೂರಾ ಇಪ್ಪತ್ತು. ನೀಲಾಂಬಿಕಾ ಪರದೆ ನೋಡಿದ್ದಳು, ಹಸಿರಿತ್ತು. ತನ್ನ ದ್ರಾವಣವೇ ಹಳತಾಗಿ ಸತ್ವ ಕಳೆದುಕೊಂಡಿದೆ ಎಂದು ಅದನ್ನು ಸಿಂಕಿಗೆ ಸುರಿದಿದ್ದಳು. ಹೊಸ ದ್ರಾವಣ ಮಾಡಿ ಮತ್ತೊಮ್ಮೆ ನೋಡುವುದು ಅರ್ಧ ತಾಸಿನ ಕೆಲಸ. ನೋಡಿರಲಿಲ್ಲ.

ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿದರು. ಎಪ್ಪತ್ತನಾಲ್ಕು ಕಿಲೋಮೀಟರ್ ದೂರ. ಹಾಸಿಗೆ ಖಾಲಿಯಾಗುವುದು ಗುರುವಾರ. ಎರಡನೇ ಪಾಳಿಯ ಆರು ಜನರಲ್ಲಿ ಗುರುವಾರದವರೆಗೆ ಕಾಯಬಲ್ಲವರು ಇಬ್ಬರು. ವಿರೂಪಾಕ್ಷ ಆ ಇಬ್ಬರಲ್ಲಿ ಇರಲಿಲ್ಲ.

“ನಳಕ್ಕ ಒಳ್ಳೇ ನೀರು ಬಂದ್ರ ಈ ಪೊರಿ ಹಾಕತೀನ್ರಿ,” ಎಂದ ಈರಯ್ಯ. “ಇದ ನೀರಿಗೆ ಹಾಕಿದ್ರ ಸಿಲಿಂಡರ್ ಒಂದೂವರಿ ತಾಸಿಗೆ ಸುಸ್ತಾಗ್ತೈತಿ. ಪಾಳಿ ನಾಕ ತಾಸಿಂದು. ನಡುವ ಮತ್ತ ಹಿಂಗಾತಂದ್ರ ನಾ ಜವಾಬ್ದಾರಿ ಅಲ್ಲ.”

ನಗರಸಭೆಯ ಹಳೇ ಕಟ್ಟಡದ ಮೇಲೆ ಎರಡು ವರ್ಷದ ಹಿಂದೆ ಗಾಜಿನ ಕೋಣೆಯೊಂದು ಎದ್ದಿತ್ತು. ಅದರೊಳಗಿನ ಯಂತ್ರದ ಹೆಸರು ಜಲಮತಿ. ಊರಿಗೆ ನೀರು ಎರಡು ಕಡೆಯಿಂದ ಬರುತ್ತಿತ್ತು: ನದಿಯಿಂದ ಮೆತ್ತಗಿನ ನೀರು, ನಲವತ್ತೆರಡು ಕೊಳವೆಬಾವಿಗಳಿಂದ ಗಡಸು ನೀರು. ಯಾವ ವಾರ್ಡಿಗೆ ಯಾವುದನ್ನು ಎಷ್ಟು ಬೆರೆಸಿ ಬಿಡಬೇಕೆಂದು ಜಲಮತಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ತೀರ್ಮಾನಿಸುತ್ತಿತ್ತು. ಅದು ಬಂದ ಮೇಲೆ ವಾಲ್ವು ತಿರುಗಿಸಿ ಓಣಿಗಳಿಗೆ ನೀರು ಬಿಡುತ್ತಿದ್ದ ಹದಿನೇಳು ನೀರುಗಂಟಿಗಳನ್ನು ಮನೆಗೆ ಕಳಿಸಲಾಗಿತ್ತು. ಅದಕ್ಕೆ ರಾಜ್ಯಮಟ್ಟದ ಪ್ರಶಸ್ತಿಯೂ ಬಂದು ಗೋಡೆಯ ಮೇಲೆ ತೂಗುತ್ತಿತ್ತು. ಹನ್ನೊಂದನೇ ವಾರ್ಡಿಗೆ ಪ್ರತ್ಯೇಕವಾಗಿ ಒಂದು ಫಲಕ: ‘ದೂರುರಹಿತ ವಾರ್ಡ್.’

ಕೋಣೆಯ ಎಂಜಿನಿಯರ್ ಸುದರ್ಶನ್ ಮೈಸೂರು ಕಡೆಯ ಯುವಕ. ಮರ್ಯಾದಸ್ಥ. ಆಕೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ.

“ಮೇಡಂ, ನಿಮ್ಮ ಟೆಸ್ಟು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಕೈಯಲ್ಲಿ ಮಾಡಿದ ಅಂಕಿನ ಇದಕ್ಕೆ ಕೊಡೋಕೆ ಜಾಗಾನೇ ಇಲ್ಲ.”

“ಪೈಪಿನೊಳಗ ಒಂದು ಅಳತೆಕಡ್ಡಿ ಕುಂದ್ರಿಸೀರಲ್ಲ. ಅದು ಏನನ್ನತೈತಿ?”

“ನೂರಾ ಮೂವತ್ತೆಂಟು.”

“ಪರದೆ ಮ್ಯಾಲಿಂದಲ್ರೀ. ಕಡ್ಡಿ ಹೇಳಿದ್ದು.”

ಅವನು ಎರಡು ಮೂರು ಪುಟ ತೆರೆದ. ಆಕೆ ಬಗ್ಗಿ ನೋಡಿದಳು. ಎರಡು ಸಾಲುಗಳಿದ್ದವು. ‘ಕಚ್ಚಾ ಅಂಕಿ: 638.’ ಅದರ ಕೆಳಗೆ ‘ತಿದ್ದಿದ ಅಂಕಿ: 138.’

“ಯಾರು ತಿದ್ದಿದ್ರು?”

“ಅದೇ ತಿದ್ದಿಕೊಳ್ಳುತ್ತೆ ಮೇಡಂ.” ಅವನ ಧ್ವನಿ ಸಣ್ಣದಾಗಿತ್ತು. “ಕಡ್ಡಿಗಳು ಕೆಡ್ತಾವಲ್ಲ. ಕಡ್ಡಿ ಏರಿದ್ರೆ ಕಡ್ಡಿ ಕೆಟ್ಟಿದೆಯೋ ನೀರು ಕೆಟ್ಟಿದೆಯೋ ಅಂತ ಅದು ಜನರನ್ನ ಕೇಳುತ್ತೆ. ಅಂದ್ರೆ ಆ್ಯಪಿನ ದೂರು ನೋಡುತ್ತೆ. ನೀರು ನಿಜವಾಗಿ ಕೆಟ್ಟಿದ್ರೆ ವಾರದಲ್ಲಿ ಇಪ್ಪತ್ತೈದು ದೂರಾದ್ರೂ ಬರ್ಬೇಕು. ಕಡ್ಡಿ ಏರಿ ಹತ್ತೊಂಬತ್ತು ವಾರ ಆಯ್ತು, ಹನ್ನೊಂದನೇ ವಾರ್ಡಿಂದ ಒಂದೂ ಬಂದಿಲ್ಲ. ಹಾಗಾಗಿ ಕಡ್ಡಿ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ.”

“ಮತ್ತ ಕೊಳವೆಬಾವಿ ನೀರು?”

“ನದಿ ನೀರು ಕಮ್ಮಿಯಾದಾಗ, ದೂರಿಲ್ಲದ ಕಡೆಗೆ ಜಾಸ್ತಿ ಬಾವಿ ನೀರು ಬಿಡುತ್ತೆ.”

ಅಂದರೆ ಕೂಗಿದವರ ಮನೆಗೆ ನದಿ, ಕೂಗದವರ ಮನೆಗೆ ಕಲ್ಲುನೀರು. ಹೊಸ ಬಡಾವಣೆಯಲ್ಲಿ ಒಬ್ಬ ವಕೀಲರು ಬಾತ್‌ರೂಮಿನ ಗಾಜಿನ ಮೇಲೆ ಬಿಳಿ ಕಲೆ ಬಂದಿದೆಯೆಂದು ದಿನಕ್ಕೆರಡು ದೂರು ಕಳಿಸುತ್ತಿದ್ದರು. ಅವರ ವಾರ್ಡಿನ ಗಡಸುತನ ತೊಂಬತ್ತು.

“ಹಂಗಾರ ಈಗ ನೀವ ಕೈಲೆ ಬದಲಾಯಿಸ್ರಿ. ಆಸ್ಪತ್ರೆಗೆ ನದಿ ನೀರು ಬಿಡ್ರಿ.”

“ನನಗೆ ಅನುಮತಿ ಇಲ್ಲ ಮೇಡಂ. ಇದನ್ನ ಮಾಡಿದ ಕಂಪನಿಗೆ ಬರೀಬೇಕು. ನಲವತ್ತೆಂಟು ಗಂಟೆ. ಇಲ್ಲಾಂದ್ರೆ ಇಪ್ಪತ್ತೈದು ದೂರು ಬರ್ಲಿ. ಹತ್ತು ನಿಮಿಷದಲ್ಲಿ ತಾನೇ ಬದಲಾಯಿಸುತ್ತೆ.”

ಇಪ್ಪತ್ತೈದು ದೂರು ತಾನೇ. ಆಕೆ ಹನ್ನೆರಡರ ಬಿಸಿಲಲ್ಲಿ ಗಿರಣಿ ಓಣಿಗೆ ಹೋದಳು.

ಗಿರಣಿ ಓಣಿ ಎಂದರೆ ಹನ್ನೊಂದನೇ ವಾರ್ಡಿನ ಬಹುಪಾಲು, ಉಳಿದದ್ದು ಆಸ್ಪತ್ರೆಯ ಆವರಣ. ಹತ್ತಿ ಗಿರಣಿ ಮುಚ್ಚಿ ಮೂವತ್ತು ವರ್ಷವಾಗಿದ್ದರೂ ಕೂಲಿಗಳ ಸಾಲುಮನೆಗಳು ಉಳಿದಿದ್ದವು. ಒಟ್ಟು ಸಾವಿರದ ನೂರಾ ನಲವತ್ತು. ಕಸ್ತೂರವ್ವ ಒಲೆಯ ಮುಂದೆ ಇದ್ದಳು. ಕುಕ್ಕರು ಒಂಬತ್ತನೇ ಸೀಟಿ ಹಾಕಿತು.

“ವೈನಿ, ನೀರು ಹಿಂಗೈತಿ ಅಂತ ಹತ್ತೊಂಬತ್ತ ವಾರ ಯಾರೂ ದೂರು ಕೊಟ್ಟಿಲ್ಲಂತ. ನಿಮ್ಮ ಓಣ್ಯಾಗ ಯಾರಿಗೂ ಬಾಯಿ ಇಲ್ಲೇನು?”

ಕಸ್ತೂರವ್ವ ಕುಕ್ಕರಿನ ಮುಚ್ಚಳ ತೆಗೆದು ಒಂದು ಸೌಟು ಬೇಳೆ ಎತ್ತಿ ಆಕೆಯ ಮುಂದೆ ಹಿಡಿದಳು. ಕಾಳು ಕಾಳಾಗಿ ನಿಂತಿತ್ತು. “ಒಂಬತ್ತ ಸೀಟಿ. ಇದನ್ನ ಗೋಲಿ ಆಡಾಕ ಕೊಡಬೇಕು ಹುಡುಗರಿಗೆ. ನಮಗ ಬಾಯಿ ಇಲ್ಲಂತ ಯಾರಂದ್ರು? ದಿನಾ ಹೇಳತೀವಿ.”

“ಯಾರಿಗೆ?”

“ಯಾರಿಗಂದ್ರ? ದಾವಲಸಾಬಗ.”

ದಾವಲಸಾಬ ನದಾಫ ಆ ಓಣಿಯ ನೀರುಗಂಟಿ. ಅಲ್ಲ, ನೀರುಗಂಟಿಯಾಗಿದ್ದವನು. ಎರಡು ವರ್ಷದ ಹಿಂದೆ ಮನೆಗೆ ಕಳಿಸಿದ ಹದಿನೇಳು ಜನರಲ್ಲಿ ಒಬ್ಬ.

“ಅವನ ನೌಕರಿ ಹೋಗಿ ಎರಡ ವರ್ಷ ಆತಲ್ಲ ವೈನಿ!”

“ನೌಕರಿ ಹೋದ್ರ ಮನಷ್ಯಾ ಹೋದನೇನು? ಮೂವತ್ತ ವರ್ಷ ನೀರಿನ ಮಾತು ಅವಗ ಹೇಳೀವಿ. ಆ ಫೋನಿನ್ಯಾಗಿಂದೂ ಮಾಡಿ ನೋಡೀವಿ, ಹುಚ್ಚರಲ್ಲ ನಾವು.” ಆಕೆ ಮೊಬೈಲು ತೆಗೆದು ಆ್ಯಪು ತೆರೆದು ಕೊಟ್ಟಳು. “ನೋಡು.”

ಮೊದಲ ಖಾನೆ: ಆಸ್ತಿ ಸಂಖ್ಯೆ. ಅದನ್ನು ತುಂಬದೆ ಮುಂದಕ್ಕೆ ಹೋಗುವಂತಿಲ್ಲ. ಗಿರಣಿ ಜಾಗದ ಮೇಲೆ ಮೂವತ್ತು ವರ್ಷದಿಂದ ವ್ಯಾಜ್ಯ. ಸಾವಿರದ ನೂರಾ ನಲವತ್ತು ಮನೆಗಳಲ್ಲಿ ಒಂದಕ್ಕೂ ಆಸ್ತಿ ಸಂಖ್ಯೆ ಇಲ್ಲ. ನೀರಿನ ಕನೆಕ್ಷನ್ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ದೂರು ಕೊಡುವ ಯೋಗ್ಯತೆ ಇಲ್ಲ. ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಸುಮ್ಮನಿದ್ದದ್ದಕ್ಕೆ ಫಲಕ ಕೊಟ್ಟಿದ್ದರು.

ದಾವಲಸಾಬ ಮೂರನೇ ಸಾಲಿನ ಕೊನೆಯ ಮನೆಯಲ್ಲಿ ಗಾದಿ ಹೊಲಿಯುತ್ತ ಕೂತಿದ್ದ. ಗೋಡೆಯ ಮೇಲೆ ದೊಡ್ಡ ಕ್ಯಾಲೆಂಡರು. ತಾರೀಖಿನ ಪ್ರತಿ ಚೌಕದಲ್ಲೂ ಪೆನ್ಸಿಲ್ಲಿನ ಇರುವೆ ಅಕ್ಷರ. ಡ್ಯೂಟಿಯಲ್ಲಿದ್ದಾಗ ದೂರುಗಳನ್ನು ಹೀಗೇ ಬರೆದು, ತಿಂಗಳ ಕೊನೆಗೆ ಆ ಹಾಳೆ ಹರಿದು ಆಫೀಸಿಗೆ ಕೊಡುವುದು ಅವನ ಪದ್ಧತಿ. ಆಫೀಸು ಬೇಡವೆಂದ ಮೇಲೂ ಬರೆಯುವುದನ್ನು ಬಿಟ್ಟಿರಲಿಲ್ಲ.

ನೀಲಾಂಬಿಕಾ ಓದಿದಳು. ‘ಕಸ್ತೂರವ್ವ, ಬ್ಯಾಳಿ ಕುದಿಯಂಗಿಲ್ಲ.’ ‘ಮೆಹಬೂಬಿ, ಕೂದಲ ಜಿಗಟ.’ ‘ನಾಗಪ್ಪನ ಹೋಟೆಲ್, ಚಾದ ಬೋಗೋಣಿ ಸುಣ್ಣ.’ ‘ಪಾರವ್ವ ಕಮ್ಮಾರ, ದವಾಖಾನಿ ನೀರು ಬಾಯಾಗ ಕಹಿ, ಅಲ್ಲಿ ಮಷಿನಿಗೆ ನಡದೀತೇನು ಕೇಳ್ಯಾಳ.’

ಕೊನೆಯದು ಇಪ್ಪತ್ತಾರು ದಿನದ ಹಿಂದಿನದು.

“ಆಫೀಸಿಗೆ ಹೋಗಿದ್ದೆ ಬಾಯಾರ,” ಎಂದ ದಾವಲಸಾಬ. “ಎರಡ ಸಲ. ಕಂಪ್ಯೂಟರಿನ್ಯಾಗ ಬಂದಿಲ್ಲ ಅಂದ್ರು. ಇದು ಕ್ಯಾಲೆಂಡರಿನ್ಯಾಗ ಐತ್ರಿ ಸಾಹೇಬ್ರ ಅಂದೆ. ನಕ್ಕರು.”

ಆ ಮಾತಿನ ನಡುವೆಯೇ ಫೋನ್ ಬಂತು. ಈರಯ್ಯ. ಪಾರವ್ವ ಕಮ್ಮಾರ ಒಂದು ಇಪ್ಪತ್ತಕ್ಕೆ ತೀರಿಕೊಂಡಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ವಿರೂಪಾಕ್ಷನಿಗೆ ಆಕ್ಸಿಜನ್ ಹಾಕಿದ್ದರು.

ನೀಲಾಂಬಿಕಾ ಅಳಲಿಲ್ಲ. ಸಿಟ್ಟಿನಲ್ಲಿ ಆಕೆಯ ತಲೆ ತಣ್ಣಗಾಗುತ್ತಿತ್ತು, ಮೊದಲಿನಿಂದ ಹಾಗೇ. ಜಲಮತಿ ಗಡಸುತನವನ್ನು ನಂಬಬೇಕಾದರೆ ಜನರನ್ನು ಕೇಳುತ್ತದೆ. ಜನರನ್ನು ಕೇಳದೆ ನಂಬುವಂಥದ್ದು ಏನಾದರೂ ಇದೆಯೇ? ಸುದರ್ಶನ್‌ಗೆ ಫೋನ್ ಮಾಡಿ ಅದನ್ನೇ ಕೇಳಿದಳು.

“ಒತ್ತಡ ಮೇಡಂ. ಪೈಪಿನಲ್ಲಿ ಒತ್ತಡ ಬಿದ್ರೆ ಯಾರನ್ನೂ ಕೇಳಲ್ಲ. ಪೈಪು ಖಾಲಿಯಾದ್ರೆ ಗಟಾರದ ನೀರು ಒಳಗೆ ಎಳ್ಕೊಳ್ಳುತ್ತೆ ಅಂತ, ತಕ್ಷಣ ನದಿ ಗೇಟು ತೆರೆದು ತುಂಬಿಸುತ್ತೆ.” ಧ್ವನಿ ತಗ್ಗಿಸಿದ. “ನೀವು ಯಾಕೆ ಕೇಳಿದ್ರಿ ಅಂತ ನಾನು ಕೇಳಲ್ಲ.”

ಆಕೆ ದಾವಲಸಾಬನ ಕಡೆ ತಿರುಗಿದಳು. “ಬಾವಿ ನೀರಿನ ಪೈಪಿಗೆ ಗಿರಣಿ ಸರ್ಕಲ್ಲಿನ್ಯಾಗ ಹಳೇ ವಾಲ್ವು ಇತ್ತಲ್ಲ?”

“ಇತ್ತಲ್ಲ ಅಲ್ರಿ, ಐತ್ರಿ. ಹೊಸಾ ಮಂದಿ ಅದರ ಮ್ಯಾಲ ಕಲ್ಲ ಮುಚ್ಚಿ ಮರತಾರ.”

“ಅದರ ಚಾವಿ?”

ದಾವಲಸಾಬ ಎದ್ದು ಮಂಚದ ಕೆಳಗಿನಿಂದ ಎದೆಯೆತ್ತರದ ಕಬ್ಬಿಣದ ಸಲಾಕೆ ಎಳೆದ. ತುದಿಗೆ ಅಡ್ಡ ಹಿಡಿಕೆ, ಬುಡಕ್ಕೆ ಚೌಕ ತೂತು. “ಮನಿಗೆ ಕಳಿಸುವಾಗ ಶಿಳ್ಳಿ ಇಸಗೊಂಡ್ರು, ಬ್ಯಾಟರಿ ಇಸಗೊಂಡ್ರು, ಟೊಪಗಿ ಇಸಗೊಂಡ್ರು. ಇದನ್ನ ಕೇಳಲಿಲ್ಲ. ಅವರ ಫಾರಂದಾಗ ಇದರ ಹೆಸರಿರಲಿಲ್ಲಂತ.”

“ನೌಕರಿ ಇಲ್ದ ಮುಟ್ಟಿದ್ರ ಕೇಸ್ ಆಗ್ತೈತಿ ದಾವಲಸಾಬ. ನಾ ಮೊದಲ ಹೇಳತೀನಿ. ಚಾವಿ ನನಗ ಕೊಡು.”

“ನಿಮ್ಮ ಕೈಲೆ ತಿರಗೀತೇನ್ರಿ? ಅದು ಎಡಕ್ಕ ತಿರುಗಿದ್ರ ಮುಚ್ಚತೈತಿ. ಊರಾಗಿನ ವಾಲ್ವೆಲ್ಲಾ ಬಲಕ್ಕ, ಇದೊಂದು ಗಿರಣಿ ಸಾಹೇಬ್ರ ಕಾಲದ್ದು, ಎಡಕ್ಕ.” ಅವನು ಹೆಗಲ ಮೇಲೆ ಸಲಾಕೆ ಇಟ್ಟುಕೊಂಡ. “ನಡೀರಿ. ಪಾರವ್ವ ನನಗ ಕೇಳಿದ್ಲು. ನಾ ಏನ ಉತ್ತರಾ ಕೊಟ್ಟೀನಿ ಆಕಿಗೆ?”

ಕಲ್ಲು ಎತ್ತಲು ಓಣಿಯ ಎಂಟು ಹೆಂಗಸರು ಬಂದರು, ಕಸ್ತೂರವ್ವ ಮುಂದೆ. ಹದಿನಾಲ್ಕು ಸುತ್ತು. ಒಂದು ಐವತ್ತೆರಡಕ್ಕೆ ವಾಲ್ವು ಪೂರ್ತಿ ಮುಚ್ಚಿತು. ಗಾಜಿನ ಕೋಣೆಯಲ್ಲಿ ಹನ್ನೊಂದನೇ ವಾರ್ಡಿನ ಚೌಕ ಹತ್ತೊಂಬತ್ತು ವಾರದಲ್ಲಿ ಮೊದಲ ಬಾರಿ ಕೆಂಪಾಯಿತು. ಎರಡು ಗಂಟೆ ನಾಲ್ಕು ನಿಮಿಷಕ್ಕೆ ನದಿ ಗೇಟು ತಾನಾಗಿ ತೆರೆಯಿತು. ಅಷ್ಟರಲ್ಲಿ ಈರಯ್ಯ, ನೀಲಾಂಬಿಕಾ ಫೋನಿನಲ್ಲಿ ಹೇಳಿದಂತೆ, ಆಸ್ಪತ್ರೆಯ ಟ್ಯಾಂಕು ಖಾಲಿ ಮಾಡಿ, ಸಿಲಿಂಡರನ್ನು ಪರದೆಯಿಂದ ಬಿಡಿಸಿ, ಉಪ್ಪುನೀರು ಕೈಯಾರೆ ಹಾಯಿಸಿ, ಕೊನೆಯ ಪೊರೆ ಹಾಕಿದ್ದ.

ಮೂರೂ ಹತ್ತಕ್ಕೆ ನಳದ ನೀರು ಇಪ್ಪತ್ನಾಲ್ಕು ಮಿಲಿಗೆ ನೀಲಿಯಾಯಿತು. ಮೂರೂ ಮುಕ್ಕಾಲಿಗೆ ಹದಿಮೂರಕ್ಕೆ. ನಾಲ್ಕೂವರೆ ಗಂಟೆಗೆ ಐದು ಮಿಲಿಗೆ ಒಂದು ಹನಿ ಮೊದಲೇ. ಪೊರೆ ದಾಟಿ ಬಂದ ನೀರಿಗೆ ಕಪ್ಪು ಪುಡಿ ಹಾಕಿದರೆ ಅದು ಕೆಂಪಾಗಲೇ ಇಲ್ಲ, ಮೊದಲೇ ನೀಲಿ. ನೀಲಾಂಬಿಕಾ ಅದನ್ನು ಮೂರು ಸಲ ಮಾಡಿದಳು. ಮೂರನೆಯ ಸಲ ಹೊಸ ದ್ರಾವಣ ತಯಾರಿಸಿ ಮಾಡಿದಳು.

ಐದೂ ಹತ್ತಕ್ಕೆ ಎರಡನೇ ಪಾಳಿ ಶುರುವಾಯಿತು. ಆಕೆ ಅಣ್ಣನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಒಂದು ತಾಸಿನ ಮೇಲೆ ಅವನು ಆಕ್ಸಿಜನ್ ಮುಖವಾಡ ಸರಿಸಿ, ಏನಾಗಿತ್ತು ಹೇಳು ಎಂದ. ಹೇಳಿದಳು. ಸಿಂಕಿಗೆ ಸುರಿದ ನಾನೂರಾ ಇಪ್ಪತ್ತನ್ನೂ ಹೇಳಿದಳು.

ಅವನು ಮುಖವಾಡ ಹಾಕಿಕೊಂಡು ನಾಲ್ಕು ಉಸಿರು ಎಳೆದುಕೊಂಡ. ಆಮೇಲೆ, “ದಪ್ಪ ಆದ ಗಿರಾಕಿ ಎಲ್ಲಾರೂ ಟೇಪಿಗೇ ಬೈತಾರ ತಂಗಿ. ನಿಮ್ಮ ಟೇಪು ಸುಳ್ಳೈತಿ ಅಂತಾರ,” ಎಂದ. “ಆದ್ರ ದರ್ಜಿನೂ ಹಂಗ ಅನ್ನಬಾರದು.”

ಬುಧವಾರ ಕಂಪನಿ ಮೂರು ಸಾಲಿನ ವರದಿ ಕೊಟ್ಟಿತು: ಹನ್ನೊಂದನೇ ವಾರ್ಡಿನ ಅಳತೆಕಡ್ಡಿಯಲ್ಲಿ ದೋಷವಿತ್ತು, ಬದಲಾಯಿಸಲಾಗಿದೆ, ರೋಗಿಯ ಸಾವಿಗೆ ಮೊದಲಿನಿಂದ ಇದ್ದ ರಕ್ತದೊತ್ತಡ ಕಾರಣ. ಬಿಚ್ಚಿ ಎಸೆದ ಕಡ್ಡಿಯನ್ನು ನೀಲಾಂಬಿಕಾ ಪ್ರಯೋಗಾಲಯಕ್ಕೆ ತಂದು ಮಂಗಳವಾರ ಹಿಡಿದಿಟ್ಟ ನೀರಿನಲ್ಲಿ ಅದ್ದಿದಳು. 639 ತೋರಿಸಿತು. ಕಡ್ಡಿ ಕೆಟ್ಟಿರಲಿಲ್ಲ. ಇದನ್ನು ಸಹಿ ಮಾಡಿ ಬರೆದು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿದಳು. ಮರುದಿನ ಆಕೆಯನ್ನು ಅಮಾನತು ಮಾಡಲಾಯಿತು. ದಾವಲಸಾಬನ ಮೇಲೆ ಸಾರ್ವಜನಿಕ ಆಸ್ತಿಗೆ ಕೈಹಾಕಿದ ಕೇಸು ದಾಖಲಾಯಿತು. ಪೊಲೀಸರು ಸಲಾಕೆಯ ಜೊತೆ ಕ್ಯಾಲೆಂಡರನ್ನೂ ಒಯ್ದರು.

ಶುಕ್ರವಾರ ನಗರಸಭೆಯವರು ಗಿರಣಿ ಸರ್ಕಲ್ಲಿಗೆ ಬಂದು ವಾಲ್ವನ್ನು ಜೋರಾಗಿ ಎಡಕ್ಕೇ ತಿರುಗಿಸಿ, ತೆರೆಯಿತೆಂದು ತಿಳಿದು, ಇನ್ಯಾರೂ ಮುಟ್ಟದಂತೆ ಗುಂಡಿಗೆ ಕಾಂಕ್ರೀಟ್ ಸುರಿದರು. ಎಡ ಬಲ ಹೇಳಬಲ್ಲವರು ಆ ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ. ನೋಡುತ್ತ ನಿಂತಿದ್ದ ಕಸ್ತೂರವ್ವ ಬಾಯಿ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಪಾರವ್ವನ ಮಗ ತಾಯಿಯ ಸಾವಿನ ಬಗ್ಗೆ ದೂರು ಕೊಡಲು ನಗರಸಭೆಗೆ ಹೋದ. ಆ್ಯಪಿನಲ್ಲಿ ಹಾಕಿ ಎಂದು ಹೇಳಿದರು. ಆಸ್ತಿ ಸಂಖ್ಯೆ ಇಲ್ಲದ್ದರಿಂದ ಅದು ದೂರನ್ನು ತೆಗೆದುಕೊಳ್ಳಲಿಲ್ಲ.